ಆವರಿಕೆ ಗಿಡ ಸೊರಗಿದರೆ ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಚಳ್ಳಕೆರೆಯಿಂದ ಹಿರಿಯೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತರೆ ಸಾಕು, ದಾರಿಯುದ್ದಕ್ಕೂ ಆವರಿಕೆ ಕಾಣುತ್ತದೆ. ಗರಸು ನೆಲ, ಹೊಲದ ಬದು, ರಸ್ತೆ ಅಂಚು, ಎಲ್ಲೆಂದರಲ್ಲಿ ಹಳದಿ ಹೂವು. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಅದೇ ಗಿಡವನ್ನು ಆಸೆಪಟ್ಟು ಮನೆ ಮುಂದೆ ಹಾಕಿಕೊಂಡರೆ ಎರಡು ತಿಂಗಳಲ್ಲಿ ಎಲೆ ಹಳದಿಯಾಗುತ್ತದೆ, ಮೂರನೇ ತಿಂಗಳು ಕಡ್ಡಿ ಒಣಗುತ್ತದೆ. "ಬರಗಾಲದಲ್ಲೂ ಬದುಕುವ ಗಿಡ ನಮ್ಮನೇಲಿ ಯಾಕೆ ಸಾಯುತ್ತೆ?" ಅಂತ ಕೇಳುವವರು ಈಗ ತುಂಬ ಜನ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಸರಿನ ವಿಷಯ ಮೊದಲು ಮುಗಿಸಿಬಿಡೋಣ. ಆವರಿಕೆ, ತಂಗಡಿ, ತಂಗಟೆ, ಹೊನ್ನಾವರಿಕೆ, ಎಲ್ಲ ಒಂದೇ ಗಿಡ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಇರುತ್ತದೆ. ತೆಲುಗಿನವರು ತಂಗೇಡು ಅನ್ನುತ್ತಾರೆ. ಬತುಕಮ್ಮ ಹಬ್ಬದಲ್ಲಿ ಜೋಡಿಸುವ ಹೂವುಗಳಲ್ಲಿ ಇದಕ್ಕೆ ದೊಡ್ಡ ಜಾಗ. 2014ರಲ್ಲಿ ಹೊಸ ರಾಜ್ಯವಾದಾಗ ತೆಲಂಗಾಣ ಇದನ್ನೇ ತನ್ನ ರಾಜ್ಯದ ಹೂವು ಮಾಡಿಕೊಂಡಿತು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ದೀಪಾವಳಿ ಬಂದರೆ ತಂಗಟೆ ಹೂವು ಬೇಕೇ ಬೇಕು.

ದೋಷ ಹುಡುಕುವ ಮೊದಲ ಹೆಜ್ಜೆ ನಿಮ್ಮ ತೋಟದಲ್ಲಿಲ್ಲ, ಊರಾಚೆ ಇದೆ. ನಿಮ್ಮ ಗಿಡ ಸೊರಗಿದ ದಿನವೇ ಹತ್ತಿರದ ಬಯಲಿಗೆ ಹೋಗಿ ಅಲ್ಲಿನ ಆವರಿಕೆ ಹೇಗಿದೆ ನೋಡಿ ಬನ್ನಿ. ಅದೂ ಎಲೆ ಉದುರಿಸಿಕೊಂಡು ನಿಂತಿದ್ದರೆ ಅದು ಕಾಲದ ಗುಣ, ರೋಗ ಅಲ್ಲ. ಬಯಲಿನದು ಚೆನ್ನಾಗಿದ್ದು ನಿಮ್ಮದು ಮಾತ್ರ ಸೊರಗಿದ್ದರೆ, ನೀವು ಅದಕ್ಕೆ ಏನು ಕೊಡುತ್ತಿದ್ದೀರಿ, ಬಯಲಲ್ಲಿ ಏನು ಇಲ್ಲ, ಅದನ್ನು ಪಟ್ಟಿ ಮಾಡಿ. ಹತ್ತರಲ್ಲಿ ಎಂಟು ಸಲ ಉತ್ತರ ಆ ಪಟ್ಟಿಯಲ್ಲೇ ಸಿಗುತ್ತದೆ. ನನಗಂತೂ ಹಾಗೇ ಸಿಕ್ಕಿದ್ದು.

ಮೊದಲಿಗೆ, ಅದು ಆವರಿಕೆಯೇನಾ?

ಈ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ಹಳದಿ ಹೂವಿನ ಸೆನ್ನಾ ಜಾತಿಗಳು ಬೇಕಾದಷ್ಟಿವೆ. ನರ್ಸರಿಗಳಲ್ಲಿ ಯಾವುದೋ ತೋಟದ ಜಾತಿಯನ್ನು ಆವರಿಕೆ ಅಂತ ಕೊಟ್ಟುಬಿಡುತ್ತಾರೆ. ನನಗೂ ಒಮ್ಮೆ ಹಾಗೆ ಆಗಿತ್ತು. ಆ ಗಿಡಕ್ಕೆ ಬೇಸಿಗೆಯಲ್ಲಿ ನೀರು ನಿಲ್ಲಿಸಿ ಸಾಯಿಸಿದೆ. ಅದು ಆವರಿಕೆಯೇ ಆಗಿರಲಿಲ್ಲ.

ಗುರುತು ಹಿಡಿಯುವುದು ಸುಲಭ. ಎಲೆಯ ದಂಟು ಕಡ್ಡಿಗೆ ಸೇರುವ ಜಾಗ ನೋಡಿ. ಅಲ್ಲಿ ಎರಡು ಪಕ್ಕದಲ್ಲೂ ದುಂಡಗಿನ, ಎಲೆಯಂಥದೇ ಹಸಿರು ಕಿವಿಗಳಿರುತ್ತವೆ. ಹೆಬ್ಬೆಟ್ಟಿನ ಉಗುರಿನಷ್ಟು ಅಗಲ, ಒಂದು ತುದಿ ದಾರದಂತೆ ಸಣ್ಣಗೆ ಚಾಚಿರುತ್ತದೆ. ಬೇರೆ ಗಿಡಗಳಲ್ಲಿ ಇಂಥವು ಬೇಗ ಉದುರಿಹೋಗುತ್ತವೆ, ಇದರಲ್ಲಿ ಹಾಗೇ ಉಳಿಯುತ್ತವೆ. ಆರಿಕ್ಯುಲೇಟಾ ಅಂದರೇ ಕಿವಿ ಇರುವುದು ಅಂತ. ಇನ್ನೊಂದು ಗುರುತು, ಪ್ರತಿ ಜೋಡಿ ಚಿಕ್ಕ ಎಲೆಗಳ ನಡುವೆ ದಂಟಿನ ಮೇಲೆ ಕಡ್ಡಿಯಂತೆ ನೆಟ್ಟಗೆ ನಿಂತ ಸಣ್ಣ ಗ್ರಂಥಿ. ಕಾಯಿ ಚಪ್ಪಟೆ, ಕಾಗದದಷ್ಟು ತೆಳು, ಒಳಗಿನ ಬೀಜ ಹೊರಗಿಂದಲೇ ಉಬ್ಬಿ ಕಾಣುತ್ತದೆ.

ಕಿವಿ ಇಲ್ಲ, ಗಿಡ ಮರದಷ್ಟು ಎತ್ತರ ಹೋಗುತ್ತಿದೆ, ಹೂಗೊಂಚಲು ದೊಡ್ಡದು ಅಂದರೆ ಅದು ಸೆನ್ನಾ ಸ್ಪೆಕ್ಟಾಬಿಲಿಸ್ ಇರಬಹುದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹಬ್ಬಿ ಬೇರೆ ಗಿಡಗಳಿಗೆ ಜಾಗವಿಲ್ಲದಂತೆ ಮಾಡಿರುವ ಹೊರಗಿನ ಮರ ಅದು. ಅದನ್ನು ಬೆಳೆಸಬೇಡಿ. ಮಳೆಗಾಲದಲ್ಲಿ ಮಾತ್ರ ಹುಟ್ಟಿ ಒಣಗುವ ಮೊಣಕಾಲುದ್ದದ ಗಿಡವಾದರೆ ಅದು ತಗಚೆ. ಸಾಯುವುದು ಅದರ ಕ್ರಮ, ನಿಮ್ಮ ತಪ್ಪಲ್ಲ.

ಎಲೆ ಹಳದಿಯಾಗುವುದು

ಹೆಚ್ಚಿನ ಗಿಡ ಹೋಗುವುದು ಇಲ್ಲೇ. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲೆ ಹಳದಿ ಅಂದ ತಕ್ಷಣ ನೀರು ಕಮ್ಮಿಯಾಯಿತು ಅಂದುಕೊಳ್ಳುತ್ತೇವೆ. ಇನ್ನೊಂದು ಬಕೆಟ್ ಸುರಿಯುತ್ತೇವೆ. ಆವರಿಕೆಗೆ ಆ ಬಕೆಟ್ಟೇ ವಿಷ. ಇದರ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿಗಳಲ್ಲಿ ಸದಾ ನೀರು ತುಂಬಿದ್ದರೆ ಬೇರು ಉಸಿರಾಡುವುದಿಲ್ಲ, ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯುವುದಿಲ್ಲ. ಆಗ ಮೇಲೆ ಎಲೆ ಬಾಡುತ್ತದೆ, ನೋಡುವವರಿಗೆ ಬಾಯಾರಿದಂತೆ ಕಾಣುತ್ತದೆ. ನಾವು ಮತ್ತೆ ನೀರು ಹಾಕುತ್ತೇವೆ.

ನನ್ನ ಬೇಲಿಯಲ್ಲಿ ಸಾಲಾಗಿ ಹದಿನಾಲ್ಕು ಗಿಡ ಹಾಕಿದ್ದೆ. ಎರಡನೇ ವರ್ಷ ಒಂದು ಮೂಲೆಯ ಮೂರು ಗಿಡ ಮಾತ್ರ ಹಳದಿಯಾದವು. ಉಳಿದ ಹನ್ನೊಂದು ಚೆನ್ನಾಗಿದ್ದವು. ಗೊಬ್ಬರ ಹಾಕಿದೆ, ಬೇವಿನ ಹಿಂಡಿ ಹಾಕಿದೆ, ಏನೂ ಆಗಲಿಲ್ಲ. ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬರುತ್ತಿದ್ದ ಅಜ್ಜ ಒಬ್ಬರು ನಿಂತು ನೋಡಿ, "ತಂಗಟೆ ಗಿಡಕ್ಕೆ ಯಾರಾದ್ರೂ ನೀರು ಕಟ್ತಾರಾ ಸ್ವಾಮಿ?" ಅಂದರು. ನಾನೆಲ್ಲಿ ನೀರು ಕಟ್ಟಿದ್ದೇನೆ ಅಜ್ಜಾ ಅಂದೆ. ಅವರು ಕೋಲಿನ ತುದಿಯನ್ನು ಗಿಡದ ಬುಡದಲ್ಲಿ ಚುಚ್ಚಿ ಎತ್ತಿ ತೋರಿಸಿದರು. ಕೋಲಿಗೆ ಕಪ್ಪು ಕೆಸರು ಅಂಟಿತ್ತು. ಪಕ್ಕದ ಬಾಳೆ ಸಾಲಿನ ಹನಿ ನೀರಾವರಿ ಪೈಪು ಮಣ್ಣಿನ ಕೆಳಗೆ ಸೀಳಿತ್ತು. ಎಷ್ಟು ದಿನದಿಂದ ಸೋರುತ್ತಿತ್ತೋ, ಮೇಲೆ ಮಣ್ಣು ಒಣಗಿಯೇ ಕಾಣುತ್ತಿತ್ತು. ಒಂದು ಗಿಡ ಕಿತ್ತು ನೋಡಿದಾಗ ಬೇರಿನ ಸಿಪ್ಪೆ ಬೆರಳಿಗೆ ಕಳಚಿಬಂತು, ಒಳಗೆ ಕಂದು ಬಣ್ಣ, ಚರಂಡಿಯ ವಾಸನೆ. ಆರೋಗ್ಯದ ಬೇರು ಕೆರೆದರೆ ಒಳಗೆ ಬೆಳ್ಳಗಿರುತ್ತದೆ, ಮುರಿದರೆ ಗಟ್ಟಿ. ಆ ಎರಡನ್ನೂ ಒಂದು ಸಲ ಕೈಯಲ್ಲಿ ಹಿಡಿದು ನೋಡಿದರೆ ಮತ್ತೆ ಮರೆಯುವುದಿಲ್ಲ.

ಹಾಗಾಗಿ ಹಳದಿ ಎಲೆ ಕಂಡರೆ ಒಂದು ಗೇಣು ಆಳಕ್ಕೆ ಕಡ್ಡಿ ಚುಚ್ಚಿ. ಮೇಲಿನ ಮಣ್ಣನ್ನು ನಂಬಬೇಡಿ. ಕಡ್ಡಿಗೆ ಹಸಿ ಮಣ್ಣು ಅಂಟಿದರೆ ನೀರು ಪೂರ್ತಿ ನಿಲ್ಲಿಸಿ, ಅದು ಎಲ್ಲಿಂದ ಬರುತ್ತಿದೆ ಹುಡುಕಿ. ಪಾತ್ರೆ ತೊಳೆದ ನೀರು, ಪಕ್ಕದ ಹುಲ್ಲುಹಾಸಿನ ಸ್ಪ್ರಿಂಕ್ಲರು, ತಾರಸಿಯ ಮಳೆನೀರಿನ ಪೈಪು, ಯಾವುದಾದರೂ ಇರಬಹುದು. ನೀರು ಬಸಿಯುವ ನೆಲವೋ ಅಲ್ಲವೋ ತಿಳಿಯಬೇಕಾದರೆ ಹತ್ತಿರದಲ್ಲೇ ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಎರಡನೇ ಸಲ ಹಾಕಿದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಆ ಜಾಗ ಆವರಿಕೆಗೆ ಆಗುವುದಿಲ್ಲ. ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಗರಸು ಬೆರೆಸಿ, ಅದರ ಮೇಲೆ ನೆಡಿ.

ಮಣ್ಣು ಒಣಗಿದೆ, ಕೆಳಗಿನ ಹಳೆ ಎಲೆ ಮಾತ್ರ ಹಳದಿಯಾಗಿ ಉದುರುತ್ತಿದೆ, ತುದಿ ಹಸಿರಾಗಿದೆ, ತಿಂಗಳು ಮಾರ್ಚೋ ಏಪ್ರಿಲೋ ಆಗಿದೆ. ಇದರಲ್ಲಿ ದೋಷವೇ ಇಲ್ಲ. ಗಿಡ ಖರ್ಚು ಕಮ್ಮಿ ಮಾಡಿಕೊಳ್ಳುತ್ತಿದೆ. ಎಲೆ ಕಮ್ಮಿಯಾದರೆ ನೀರು ಹಾರಿಹೋಗುವುದೂ ಕಮ್ಮಿ, ಅಲ್ವಾ?

ತುದಿಯ ಎಳೆ ಎಲೆ ಹಳದಿ, ಅದರ ನರ ಮಾತ್ರ ಹಸಿರು ಇದ್ದರೆ ಮಾತು ಬೇರೆ. ಹೊಸ ಮನೆ ಕಟ್ಟಿದ ಕಾಂಪೌಂಡಿನಲ್ಲಿ ಇದು ಬರುವುದುಂಟು. ಸಿಮೆಂಟು, ಸುಣ್ಣದ ಚೂರು ಮಣ್ಣಲ್ಲಿ ಸೇರಿ ಮಣ್ಣು ಕ್ಷಾರವಾಗುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಬುಡದ ಸುತ್ತ ಕಟ್ಟಡದ ಕಸ ತೆಗೆದು ಕೆಂಪು ಮಣ್ಣು, ಸ್ವಲ್ಪ ಎಲೆಗೊಬ್ಬರ ತುಂಬಿ.

ಇನ್ನೊಂದು ಗಾಬರಿ ಆಗಾಗ ಕೇಳಿಬರುತ್ತದೆ. "ಇದು ಬೇಳೆಕಾಳಿನ ಕುಟುಂಬದ ಗಿಡ ಅಲ್ವಾ, ಬೇರಲ್ಲಿ ಗಂಟೇ ಇಲ್ಲವಲ್ಲ?" ಅಂತ. ಸೆನ್ನಾ ಜಾತಿಯ ಹೆಚ್ಚಿನ ಗಿಡಗಳು ಬೇರುಗಂಟು ಕಟ್ಟುವುದಿಲ್ಲ. ಆ ಲೆಕ್ಕ ಬಿಟ್ಟುಬಿಡಿ.

ಬೀಜ ಮೊಳೆಯುತ್ತಿಲ್ಲ

ಬೀಜ ಸತ್ತಿಲ್ಲ, ಬಾಗಿಲು ಮುಚ್ಚಿಕೊಂಡಿದೆ. ಆವರಿಕೆ ಬೀಜದ ಸಿಪ್ಪೆಗೆ ನೀರೇ ಇಳಿಯುವುದಿಲ್ಲ. ಒಂದು ಮಳೆಗೆ ಎಲ್ಲ ಮೊಳೆತು ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದಲ್ಲ. ಅದಕ್ಕೆ ಬಯಲಲ್ಲಿ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಮೊಳೆಯುತ್ತವೆ. ನಮಗೆ ಅಷ್ಟು ಪುರುಸೊತ್ತಿಲ್ಲ.

ಒಂದು ಲೋಟ ನೀರಿಗೆ ಬೀಜ ಹಾಕಿ. ತೇಲಿದವನ್ನು ತೆಗೆದು ನೋಡಿ. ಸೂಜಿ ಚುಚ್ಚಿದಂಥ ದುಂಡು ತೂತಿದ್ದರೆ ಹುಳು ತಿಂದಿದೆ, ಎಸೆಯಿರಿ. ಮುಳುಗಿದ ಬೀಜವನ್ನು ಮರಳು ಕಾಗದಕ್ಕೆ ಒಂದು ಕಡೆ ಉಜ್ಜಿ. ಬೀಜದ ಕಣ್ಣಿನ ಕಡೆ ಬೇಡ, ಆಚೆ ತುದಿ ಸಾಕು. ಕಂದು ಸಿಪ್ಪೆ ಸವೆದು ತಿಳಿ ಬಣ್ಣ ಕಂಡ ಕೂಡಲೇ ನಿಲ್ಲಿಸಿ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆಗೆ ಉಬ್ಬಿ ದಪ್ಪ ಆಗಿರುತ್ತದೆ. ಉಬ್ಬದೆ ಕಲ್ಲಿನ ಹಾಗೇ ಉಳಿದಿದ್ದನ್ನು ಮತ್ತೆ ಉಜ್ಜಿ. ಬೀಜ ಜಾಸ್ತಿ ಇದ್ದರೆ, ಕುದಿದ ನೀರನ್ನು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು, ಬೀಜದ ಮೇಲೆ ಹೊಯ್ದು ರಾತ್ರಿಯಿಡೀ ಹಾಗೇ ಇಡಿ. ಒಲೆಯ ಮೇಲೆ ಮಾತ್ರ ಬೇಯಿಸಬೇಡಿ.

ಮೊಳೆತು ಎರಡು ಎಲೆ ಬಿಟ್ಟ ಸಸಿ ಬುಡದಲ್ಲಿ ಕಪ್ಪಾಗಿ, ಸಣ್ಣಗಾಗಿ ಮಲಗಿದರೆ ಅದು ಬುಡ ಕೊಳೆ. ಒತ್ತಾಗಿ ಬಿತ್ತಿದ್ದು, ದಿನಾ ನೀರು ಚಿಮುಕಿಸಿದ್ದು, ನೆರಳಲ್ಲಿಟ್ಟಿದ್ದು, ಮೂರೂ ಸೇರಿದರೆ ಖಂಡಿತ ಬರುತ್ತದೆ. ಬಿದ್ದ ಸಸಿ ಏಳುವುದಿಲ್ಲ. ಉಳಿದವನ್ನು ಬಿಸಿಲಿಗೆ ತನ್ನಿ.

ನೆಟ್ಟ ವಾರಕ್ಕೇ ಒಣಗಿತು

ಬಯಲಿಂದ ಕಿತ್ತು ತಂದ ಗಿಡವಾದರೆ ಇದು ಆಗಿಯೇ ಆಗುತ್ತದೆ. ಮೊಣಕಾಲೆತ್ತರದ ಗಿಡದ ತಾಯಿಬೇರು ಅದಕ್ಕಿಂತ ಆಳದಲ್ಲಿರುತ್ತದೆ. ನೀವು ಕಿತ್ತಾಗ ಅದು ಅರ್ಧಕ್ಕೆ ತುಂಡಾಗಿರುತ್ತದೆ. ದಯವಿಟ್ಟು ಕೀಳಬೇಡಿ, ಬೀಜ ತನ್ನಿ.

ನರ್ಸರಿ ಗಿಡವಾದರೆ ಕವರಿನ ತಳ ನೋಡಿ. ವರ್ಷಗಟ್ಟಲೆ ಕವರಲ್ಲೇ ಇದ್ದ ಗಿಡದ ಬೇರು ತಳದಲ್ಲಿ ಸಿಂಬೆಯ ಹಾಗೆ ಸುತ್ತಿಕೊಂಡಿರುತ್ತದೆ. ನೆಲಕ್ಕೆ ಇಟ್ಟ ಮೇಲೂ ಅದು ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಕೆಳಗಿನ ಸುತ್ತನ್ನು ಚೂರಿಯಲ್ಲಿ ಕತ್ತರಿಸಿ ನೆಡಿ. ಇನ್ನೂ ಒಳ್ಳೆಯದು ಅಂದರೆ ಎರಡು ಮೂರು ತಿಂಗಳ ಚಿಕ್ಕ ಸಸಿ. ಮುಂಗಾರು ಹಿಡಿದ ಮೇಲೆ ನೆಟ್ಟರೆ ಮೊದಲ ಬೇಸಿಗೆಯ ಹೊತ್ತಿಗೆ ಬೇರು ಇಳಿದಿರುತ್ತದೆ. ಆ ಒಂದು ಬೇಸಿಗೆ ಮಾತ್ರ ಹತ್ತು ಹದಿನೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಡಿ. ದಿನಾ ಒಂದು ಚೊಂಬು ಹಾಕುವುದು ತಪ್ಪು. ಬೇರು ಮೇಲೆಯೇ ಉಳಿದುಬಿಡುತ್ತದೆ.

ಗಿಡ ಸೊಂಪಾಗಿದೆ, ಹೂವೇ ಇಲ್ಲ

ಮೊದಲು ಬಿಸಿಲು ನೋಡಿ. ಪೂರ್ವದ ಗೋಡೆ, ಮಾವಿನ ಮರ, ಪಕ್ಕದ ಮನೆಯ ಮೂರನೇ ಮಹಡಿ, ಯಾವುದರ ನೆರಳಾದರೂ ಬಿದ್ದರೆ ಹೂವು ಕಮ್ಮಿ. ಆಮೇಲೆ ಗೊಬ್ಬರ. ಯೂರಿಯಾ, ಕೋಳಿ ಗೊಬ್ಬರ ಹಾಕಿದ ಗಿಡ ಎಲೆ ಬೆಳೆಸುತ್ತಲೇ ಇರುತ್ತದೆ, ಹೂವಿನ ಕಡೆ ತಿರುಗುವುದೇ ಇಲ್ಲ.

ಆದರೆ ನಾನು ಹೆಚ್ಚು ಕಂಡಿರುವುದು ಕತ್ತರಿಯ ದೋಷ. ಆವರಿಕೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ತುದಿಯ ಹತ್ತಿರದ ಎಲೆಬುಡಗಳಲ್ಲಿ. ಬೇಲಿ ಅಂತ ತಿಂಗಳಿಗೊಮ್ಮೆ ನೇರಕ್ಕೆ ಕತ್ತರಿಸಿದರೆ ಮೊಗ್ಗು ಕಟ್ಟುವ ತುದಿಯೇ ಹೋಗುತ್ತದೆ. ಕತ್ತರಿಸುವುದಾದರೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ. ಮಳೆಗೆ ಚಿಗುರು ಬಂದು ದಸರಾ, ದೀಪಾವಳಿ ಹೊತ್ತಿಗೆ ಮೈತುಂಬ ಹೂವಿರುತ್ತದೆ. ಬೀಜದಿಂದ ಬಂದ ಗಿಡಕ್ಕೆ ವರ್ಷ ತುಂಬದಿದ್ದರೆ ಸುಮ್ಮನೆ ಕಾಯಿರಿ.

ಹೂವಿದೆ, ಕಾಯಿ ಕಟ್ಟುತ್ತಿಲ್ಲ

ನನಗೆ ತುಂಬ ಇಷ್ಟವಾದ ದೋಷ ಇದು. ಇದನ್ನು ಹುಡುಕಬೇಕಾದರೆ ಬೆಳಿಗ್ಗೆ ಗಿಡದ ಹತ್ತಿರ ಅರ್ಧ ಗಂಟೆ ಕೂರಬೇಕು.

ಒಂದು ಹೂವನ್ನು ಹತ್ತಿರದಿಂದ ನೋಡಿ. ಸುಕ್ಕು ಅಂಚಿನ ಐದು ಹಳದಿ ದಳ. ನಡುವೆ ಹತ್ತು ಕೇಸರ, ಎಲ್ಲ ಒಂದೇ ಥರ ಇಲ್ಲ. ಮೇಲಿನ ಮೂರು ಬರಡು, ನಡುವಿನ ನಾಲ್ಕು ಗಿಡ್ಡ, ಕೆಳಗಿನ ಮೂರು ಉದ್ದ, ದಪ್ಪ, ಕೊಕ್ಕಿನ ಹಾಗೆ ಬಾಗಿದವು. ಪರಾಗ ತುಂಬಿದ ಆ ಚೀಲಗಳು ಬೇರೆ ಹೂವುಗಳ ಹಾಗೆ ಸೀಳಿ ತೆರೆಯುವುದಿಲ್ಲ. ತುದಿಯಲ್ಲಿ ಚಿಕ್ಕ ತೂತು ಮಾತ್ರ. ಉಪ್ಪಿನ ಡಬ್ಬಿಯನ್ನು ಅಲ್ಲಾಡಿಸಿದರೆ ಉಪ್ಪು ಉದುರುತ್ತದಲ್ಲ, ಹಾಗೆ ಯಾರಾದರೂ ಅದನ್ನು ನಡುಗಿಸಬೇಕು.

ಆ ಕೆಲಸ ಮಾಡುವುದು ದೊಡ್ಡ ಕಪ್ಪು ಮರಕೊರೆಯುವ ದುಂಬಿ, ಇನ್ನೂ ಕೆಲವು ಒಂಟಿ ಜೇನುಗಳು. ದುಂಬಿ ಹೂವನ್ನು ಕಾಲಿನಲ್ಲಿ ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯು ಮಾತ್ರ ಗಡಗಡ ನಡುಗಿಸುತ್ತದೆ. ಹಾರುವಾಗಿನ ಗುಂಯ್ ಸದ್ದು ಇದ್ದಕ್ಕಿದ್ದಂತೆ ಏರಿ ಸಣ್ಣ ಕೀರಲು ಆಗುತ್ತದೆ. ಆ ಸದ್ದು ಕೇಳಿದರೆ ಪರಾಗ ಚಿಮ್ಮಿತು ಅಂತಲೇ ಅರ್ಥ. ಗಿಡ್ಡ ಕೇಸರದ ಪರಾಗ ದುಂಬಿಯ ಊಟಕ್ಕೆ, ಉದ್ದ ಕೇಸರದ್ದು ಅದರ ಮೈಗೆ ಹತ್ತಿ ಮುಂದಿನ ಹೂವಿಗೆ ಹೋಗುತ್ತದೆ. ಈ ಹೂವಲ್ಲಿ ಮಕರಂದ ಇಲ್ಲ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಹೀಗೆ ನಡುಗಿಸುವ ವಿದ್ಯೆಯೂ ಬರುವುದಿಲ್ಲ. ಅದಕ್ಕೇ ಜೇನುಪೆಟ್ಟಿಗೆ ತಂದಿಟ್ಟರೂ ಕಾಯಿ ಹೆಚ್ಚಾಗಲಿಲ್ಲ ಅಂತ ಕೆಲವರು ಹೇಳುವುದು.

ಅರ್ಧ ಗಂಟೆ ಕೂತರೂ ಆ ಸದ್ದು ಕೇಳದಿದ್ದರೆ ದುಂಬಿಗೆ ಮನೆ ಇಲ್ಲ ಅಂತ ತಿಳಿಯಿರಿ. ಅದು ಒಣ ಮರದ ಕೊಂಬೆ, ಬಿದಿರಿನ ಗಳದಲ್ಲಿ ಕೊರೆದು ಗೂಡು ಮಾಡುತ್ತದೆ. ಒಣಗಿದ ನುಗ್ಗೆ ಕೊಂಬೆ, ಹಳೆಯ ಬಿದಿರನ್ನು ಸೌದೆಗೆ ಹಾಕದೆ ಮೂಲೆಯಲ್ಲಿ ಬಿಡಿ. ಒಂಟಿ ಗಿಡ ಇದ್ದರೆ ಪಕ್ಕದಲ್ಲಿ ಇನ್ನೂ ಎರಡು ಮೂರು ಹಾಕಿ. ಪಕ್ಕದ ತರಕಾರಿ ಮಡಿಗೆ ಬೆಳಿಗ್ಗೆ ಔಷಧಿ ಹೊಡೆಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಎಲೆ ಮಾಯವಾಗುವುದು

ರಾತ್ರಿ ಬೆಳಗಾಗುವಷ್ಟರಲ್ಲಿ ಕಡ್ಡಿ ಬೋಳಾಗಿದ್ದರೆ ಎಲೆದಂಟಿನ ಮೇಲೆ ಕಣ್ಣಿಟ್ಟು ಹುಡುಕಿ. ಹಸಿರು ಹುಳು, ಎಲೆಯ ಬಣ್ಣವೇ, ಪಕ್ಕದಲ್ಲಿ ಬಿಳಿ ಗೀರು, ಅದರ ಮೇಲೆ ಕಪ್ಪು ಚುಕ್ಕಿಗಳ ಸಾಲು. ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಯ ಮರಿ ಅದು. ಇಂಗ್ಲಿಷಿನಲ್ಲಿ ಮಾಟಲ್ಡ್ ಎಮಿಗ್ರಂಟ್ ಅನ್ನುತ್ತಾರೆ. ಆ ಚಿಟ್ಟೆ ಮೊಟ್ಟೆ ಇಡುವುದೇ ಇಂಥ ಗಿಡಗಳ ಮೇಲೆ. ಎಲೆಯ ಮೇಲೆ ನಿಂತ ಸಣ್ಣ ಬಿಳಿ ಕಾಳಿನಂಥ ಮೊಟ್ಟೆ ಒಂದೊಂದೇ ಇರುತ್ತದೆ.

ಏನೂ ಮಾಡಬೇಡಿ. ಗಟ್ಟಿ ಬೇರಿನ ಗಿಡ ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತದೆ. ತೀರಾ ಚಿಕ್ಕ ಸಸಿಯಾದರೆ ಹುಳುಗಳನ್ನು ಕೈಯಲ್ಲಿ ಎತ್ತಿ ದೊಡ್ಡ ಗಿಡಕ್ಕೆ ಬಿಡಿ. ವಿಷ ಹೊಡೆಯಲೇಬೇಡಿ. ಹೂವನ್ನು ಒಣಗಿಸಿ ಕಷಾಯ ಮಾಡಿಕೊಂಡು ಕುಡಿಯುವ ಮನೆಗಳೂ ಇವೆ.

ತುದಿಯಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಹಿಟ್ಟು ತಿಗಣೆ. ಆ ತುದಿ ಕತ್ತರಿಸಿ, ಉಳಿದಿದ್ದನ್ನು ಜೋರಾಗಿ ನೀರು ಹಾಯಿಸಿ ತೊಳೆಯಿರಿ. ಹೋಗದಿದ್ದರೆ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು, ಸಂಜೆ ಹೊತ್ತು.

ಬುಡದ ಹತ್ತಿರ ತೊಗಟೆಯನ್ನು ಸುತ್ತಲೂ ಸುಲಿದಿದ್ದರೆ ಅದು ಮನುಷ್ಯರ ಕೆಲಸ. ಇದರ ತೊಗಟೆಯಲ್ಲಿ ಟ್ಯಾನಿನ್ ಜಾಸ್ತಿ, ಚರ್ಮ ಹದ ಮಾಡಲು ಹಿಂದಿನಿಂದಲೂ ಬಳಸುತ್ತಾರೆ. ಸುಲಿದ ಜಾಗದ ಮೇಲಿನ ಭಾಗ ಉಳಿಯುವುದಿಲ್ಲ. ಸುಲಿದ ಗೆರೆಯ ಕೆಳಗೆ, ನೆಲದಿಂದ ನಾಲ್ಕು ಬೆರಳು ಬಿಟ್ಟು ಓರೆಯಾಗಿ ಕತ್ತರಿಸಿ. ಬುಡದಿಂದ ಮತ್ತೆ ಚಿಗುರು ಒಡೆಯುತ್ತದೆ.

ಪೂರ್ತಿ ಒಣಗಿದಂತೆ ಕಾಣುವ ಗಿಡವನ್ನು ಕಿತ್ತು ಹಾಕುವ ಮುಂಚೆಯೂ ಹೀಗೇ ಮಾಡಿ. ಉಗುರಲ್ಲಿ ಬುಡದ ಸಿಪ್ಪೆ ಕೆರೆದು ನೋಡಿ. ಹಸಿರು ಕಂಡರೆ ಕತ್ತರಿಸಿ ಒಂದು ಮಳೆಗಾಲ ಬಿಟ್ಟುಬಿಡಿ. ನನ್ನ ಬೇಲಿಯ ಆ ಮೂರು ಗಿಡಗಳಲ್ಲಿ ಒಂದು ಹಾಗೇ ಉಳಿದುಕೊಂಡಿತು. ಪೈಪು ಸರಿಮಾಡಿಸಿ, ಬುಡ ಕತ್ತರಿಸಿ ಬಿಟ್ಟಿದ್ದೆ. ಜುಲೈನಲ್ಲಿ ಬುಡದ ಪಕ್ಕದಿಂದ ಎರಡು ಕಡ್ಡಿ ಎದ್ದವು, ಪ್ರತಿ ಎಲೆಯ ಬುಡದಲ್ಲೂ ಪುಟ್ಟ ಹಸಿರು ಕಿವಿಗಳು.